ಕಾಳು ಸೀಯುವ ಮೊದಲು ಬಂದ ಸ್ವಾತಂತ್ರ್ಯ

ಮೆಹಿಟಬೆಲ್,

ಸ್ವರ್ಗಕ್ಕೆ ಅಂಚೆಯಿಲ್ಲ, ಇದ್ದರೂ ಅದಕ್ಕೆ ರಾಜನ ಸುಂಕ ಕಟ್ಟುವವನು ನಾನಲ್ಲ. ಆದರೂ ಬರೆಯುತ್ತಿದ್ದೇನೆ. ಇಂಗ್ಲೆಂಡಿನ ರಾಜನಿಂದ ಬೇರೆಯಾಗಬೇಕೋ ಬೇಡವೋ ಎಂದು ಇವತ್ತು ಅಮೆರಿಕದ ಮ್ಯಾಸಚೂಸೆಟ್ಸ್ ಪ್ರಾಂತ್ಯದ ಉಳಿದ ಊರುಗಳಂತೆ ನಮ್ಮ ಊರಸಭೆಯೂ ತೀರ್ಮಾನಿಸಬೇಕಿತ್ತು. ಅರ್ಧ ಊರು ಹಿಂದೆಮುಂದೆ ನೋಡುತ್ತಿತ್ತು. ನನ್ನ ಮಾತಿನಿಂದಲೇ ಎಲ್ಲರನ್ನೂ ಒಲಿಸುತ್ತೇನೆಂದು ಎದ್ದು ನಿಂತೆ.

ಕಾಲೇಜಿನಲ್ಲಿ ಕಲಿತ ಲ್ಯಾಟಿನ್ ವಾಕ್ಯದ ತಲೆ ನೆನಪಿತ್ತು, ಬಾಲ ಮರೆತಿತ್ತು. ಹಾಗಾಗಿ ತಲೆಯನ್ನೇ ಮತ್ತೆ ಮತ್ತೆ ಹೇಳಿದೆ. ರೋಮಿನಿಂದ ಹೊರಟ ನನ್ನ ಮಾತು ಇನ್ನೂ ಸಮುದ್ರ ದಾಟಿರಲಿಲ್ಲ, ಅಷ್ಟರಲ್ಲಿ ಬೆಂಚುಗಳಲ್ಲಿ ಗೊರಕೆ ಶುರುವಾಯಿತು.

"ಸ್ವಾತಂತ್ರ್ಯ ಬಂದ್ರೆ ಇವರ ಭಾಷಣ ದಿನಾ ಇರತ್ತೇನ್ರೀ? ಹಂಗಾದ್ರೆ ನಂಗೆ ರಾಜನೇ ಸಾಕಪ್ಪ!" ಎಂದು ಹಿಂದಿನಿಂದ ಯಾರೋ ಕೂಗಿದರು.

ಕಮ್ಮಾರ ಜೇಬೆಜ್ ಎದ್ದ. "ನೋಡ್ರಪ್ಪಾ, ಸಮುದ್ರದಾಚೆ ಕೂತಿರೋ ಆ ರಾಜಂಗೆ ಈ ಭಾಷಣ ಕೇಳೋ ಹಣೆಬರಹ ಇಲ್ಲ. ಕಷ್ಟ ನಮ್ದು, ಅಧಿಕಾರ ಅವಂದಾ? ಕೈ ಎತ್ರೋ, ಮನೇಲಿ ಕಾಳು ಸೀದು ಹೋಗ್ತಿದೆ!"

ಒಂದೂ ಉಳಿಯದಂತೆ ಕೈಗಳು ಮೇಲೆದ್ದವು. ಊರು ರಾಜನನ್ನು ಬಿಟ್ಟಿತು ಕಣೇ. ನನ್ನ ಭಾಷಣ ಮಾತ್ರ ಅರ್ಧ ಬಾಕಿ ಉಳಿಯಿತು.

ಆ ಅರ್ಧವನ್ನು ಮನೆಗೆ ಬಂದು ನಿನ್ನ ಕುರ್ಚಿಯ ಮುಂದೆ ಹೇಳಿದೆ. ನೀನಿದ್ದಾಗ ಎರಡನೆಯ ಮಾತಿಗೇ "ಸಾಕು ಮಾರಾಯ್ರೇ, ಊಟಕ್ಕೆ ಬನ್ನಿ" ಅನ್ನುತ್ತಿದ್ದೆ. ಇವತ್ತು ಕೊನೆಯವರೆಗೂ ಹೇಳಿದೆ. ಯಾರೂ ತಡೆಯಲಿಲ್ಲ.