ಒಪ್ಪತ್ತು ಮಾಡುವ ಬೆಕ್ಕು

ಗಾಯತ್ರಿ,

ನಿಮ್ಮ ಮನೆಯಲ್ಲಿ ನೀವೆಲ್ಲ ಸೇರಿ ನಿಮ್ಮ ಬೆಕ್ಕು ಸಕ್ರಿಯ ಕಣ್ಣು ಕಳೆಯುತ್ತಿದ್ದೀರಿ. ಬೆಳ್ಳಿ ಬಟ್ಟಲಲ್ಲಿ ಹಾಲು-ಅನ್ನ ಕಲಸಿ, ಮೇಲೆ ತುಪ್ಪ ಬಿಟ್ಟು, ಮುದ್ದು ಮಾಡುತ್ತಲೇ ಕಳೆಯುತ್ತಿದ್ದೀರಿ. ಅದು ತಪ್ಪು. ಸುತ್ತಿ ಬಳಸಿ ಬರೆಯುವ ಶಕ್ತಿ ಈಗ ನನಗಿಲ್ಲ. ಅದಕ್ಕೇ ಮೊದಲಿಗೇ ಬರೆದುಬಿಟ್ಟೆ.

ನೆನಪಿದೆಯಾ, ಅದು ನಿನ್ನ ಕೈಗೆ ಬಂದದ್ದು? ಮದುವೆಯಾದ ವರ್ಷ ನೀನು ಲಿಂಗಸುಗೂರಿನಿಂದ ಫೋನ್ ಮಾಡಿ, ಇಷ್ಟು ದೊಡ್ಡ ಮನೆಯಲ್ಲಿ ಮಾತಾಡಲು ಒಂದು ಜೀವವಿಲ್ಲ ಎಂದು ಅತ್ತಿದ್ದೆ. ನಮ್ಮ ಮುಕ್ತಿಯಾರ್ ಮಾಮಾ ಹೈದರಾಬಾದಿನಿಂದ ತಂದಿದ್ದ ಪರ್ಷಿಯನ್ ಬೆಕ್ಕು ಆಗಷ್ಟೇ ಮರಿ ಹಾಕಿತ್ತು. ಎಲ್ಲಕ್ಕಿಂತ ಬೆಳ್ಳಗಿದ್ದ ಮರಿಯನ್ನು ನಾನು ಬುಟ್ಟಿಯಲ್ಲಿಟ್ಟು, ಸಿಂಧನೂರಿನಿಂದ ಬಸ್ಸು ಹತ್ತಿ ತಂದುಕೊಟ್ಟೆ. ಸಕ್ಕರೆಯಂಥ ಬಿಳುಪಿಗೆ ನಮ್ಮಮ್ಮ ಶಕ್ಕರ್ ಎಂದು ಕರೆಯುತ್ತಿದ್ದಳು, ನಿಮ್ಮಲ್ಲಿ ಅದು ಸಕ್ರಿಯಾಯಿತು. ಏನು ಹಾಕಬೇಕು ಎಂದು ನೀನು ಕೇಳಿದೆ. ಉಪ್ಪು, ಖಾರ, ಉಳ್ಳಾಗಡ್ಡಿ ಯಾವುದೂ ಇಲ್ಲದೆ ಬೇಯಿಸಿದ ಕೋಳಿ, ಎಲುಬು ತೆಗೆದು. ಯಾವಾಗಲಾದರೂ ಚೂರು ಲಿವರ್, ನಮ್ಮ ಕಲಿಜಾ. ಅದಾಗದಿದ್ದರೆ ಬೆಕ್ಕಿಗೆಂದೇ ಮಾಡಿದ ಪ್ಯಾಕೆಟ್ ತಿಂಡಿ ಎಂದು ನಾನು ಹೇಳಿದೆ. ನೀನು ನಕ್ಕು, ಪ್ಯಾಕೆಟ್ಟೇ ಸಾಕು ಎಂದೆ.

ಕೆಲವು ತಿಂಗಳು ನಡೆಯಿತು. ಒಂದು ದಿನ ನಿನ್ನ ಮಾವ ಬಸವಂತರಾಯರು ಪ್ಯಾಕೆಟ್ಟಿನ ಮೇಲಿದ್ದ ಮೀನಿನ ಚಿತ್ರ ನೋಡಿದರು. ಬೈಯಲಿಲ್ಲ, ಕೂಗಲಿಲ್ಲ. ಪ್ಯಾಕೆಟ್ ಹೊರಗೆ ಹೋಯಿತು, ಬೆಳ್ಳಿ ಬಟ್ಟಲು ಒಳಗೆ ಬಂತು. ಸಕ್ರಿ ಎರಡು ದಿನ ಮುನಿಸಿಕೊಂಡು, ಹಸಿವು ತಾಳದೆ ಹಾಲು-ಅನ್ನ ತಿಂದಿತು. ಅಲ್ಲಿಂದ ಅದು ನಿಮ್ಮ ಮನೆತನದ ಹೆಮ್ಮೆಯಾಯಿತು. ಸೋಮವಾರ ನೀವೆಲ್ಲ ಒಂದೇ ಹೊತ್ತು ಉಣ್ಣುತ್ತೀರಿ, ಅದಕ್ಕೂ ಒಂದೇ ಹೊತ್ತು. ಹೋದ ತಿಂಗಳು ನಾನು ಬಂದಾಗ ನಿಮ್ಮ ಮಾವ ಪಡಸಾಲೆಯಲ್ಲಿ ಬಂದವರಿಗೆ ಹೇಳುತ್ತಿದ್ದರು: "ಫಾರಿನ್ ಜಾತಿ ಬೆಕ್ಕು ನೋಡ್ರಿ. ನಮ್ಮ ಮನಿಗೆ ಬಂದು ಸಾತ್ವಿಕ ಆಗೈತಿ. ಸೋಮವಾರ ನಮ್ಮ ಜೋಡಿ ಒಪ್ಪತ್ತು ಮಾಡತೈತಿ." ಬಂದವರಲ್ಲಿ ಒಬ್ಬರು, "ನಮ್ಮ ಹುಡುಗರಿಗಿಂತ ಇದ ಛಲೋ ಬಿಡ್ರಿ, ಅವು ಸೋಮವಾರ ಆಮ್ಲೆಟ್ ಬಂಡಿ ಕಡೆ ಓಡತಾವ" ಎಂದರು. ಎಲ್ಲರೂ ನಕ್ಕರು. ಆ ನಗುವಿನ ಕಡೆಗೆ ನಡೆದುಬಂದ ಸಕ್ರಿ ಕುರ್ಚಿಯ ಕಾಲಿಗೆ ಹಣೆ ಹೊಡೆದುಕೊಂಡಿತು. "ವಯಸ್ಸಾತು ಪಾಪ" ಎಂದು ಅವರೇ ಎತ್ತಿಕೊಂಡು ಹಣೆ ಸವರಿದರು. ಅದಕ್ಕೆ ವಯಸ್ಸೆಲ್ಲಿ, ಗಾಯತ್ರಿ? ಅದರ ಜೊತೆ ಹುಟ್ಟಿದವು ನಮ್ಮ ಓಣಿಯ ಮಾಳಿಗೆಗಳ ಮೇಲೆ ಇನ್ನೂ ಪಾರಿವಾಳ ಹಿಡಿಯುತ್ತಿವೆ.

ಮರುದಿನ ನಾವಿಬ್ಬರೂ ಅದನ್ನು ಪಶುವೈದ್ಯರಲ್ಲಿಗೆ ಒಯ್ದೆವು. ಕಣ್ಣಿಗೆ ಬೆಳಕು ಬಿಟ್ಟು ನೋಡಿ ಅವರು ಹೇಳಿದ್ದನ್ನು ನೀನೂ ಕೇಳಿದ್ದೀಯ: "ಹೋದ ದೃಷ್ಟಿ ಬರಂಗಿಲ್ಲ. ಮಾಂಸ ಹಾಕಿದ್ರ ಉಳಿದಿದ್ದು ಉಳೀತೈತಿ. ಹಾಕಲಿಲ್ಲಂದ್ರ ಹಾರ್ಟಿಗೂ ಹೊಡೆತ." ಮಾಂಸದಲ್ಲಷ್ಟೇ ಸಿಗುವ ಒಂದು ಸತ್ವ ಬೆಕ್ಕಿಗೆ ಬೇಕೇ ಬೇಕು, ಹಾಲು, ತುಪ್ಪ, ಸೋನಾ ಮಸೂರಿಯಲ್ಲಿ ಅದಿಲ್ಲ. ನಾನು ಇದನ್ನು ಕರಪತ್ರವೊಂದರಲ್ಲಿ ಮೊದಲೇ ಓದಿದ್ದೆ. "ನಿನಗ ಅಚ್ಚಾದ ಕಾಗದ ಸಿಕ್ಕರ ಸಾಕಲೇ, ಮಿರ್ಚಿ ಕಟ್ಟಿದ್ದನ್ನೂ ಬಿಡಂಗಿಲ್ಲ" ಎಂದು ಕಾಲೇಜಿನಲ್ಲಿ ನೀನು ಹಂಗಿಸುತ್ತಿದ್ದೆ. ಹೌದು, ಬಿಡುವುದಿಲ್ಲ.

ಆ ಕರಪತ್ರ ಹಿಡಿದೇ ನಿಮ್ಮ ಮಾವನ ಮುಂದೆ ಕೂತೆ. ಎಲ್ಲ ಹೇಳಿದೆ. ಅವರು ತಟ್ಟೆಯಲ್ಲಿ ಮಂಡಾಳು ತರಿಸಿ, ನಾನು ತಿನ್ನುವ ತನಕ ಕಾದು, "ನೀ ಹೇಳೂದು ಖರೆ ಇರಬಹುದು ತಾಯಿ. ಆದರ ಈ ಮನ್ಯಾಗ ಅದು ಬರಂಗಿಲ್ಲ" ಎಂದರು. ಆ ಮೆತ್ತಗಿನ ಮಾತಿನ ಮುಂದೆ ಜಗಳಕ್ಕೆ ಜಾಗವೇ ಇರಲಿಲ್ಲ. ಮಾಂಸದ ಮಾತು ಶಾಹೀಸ್ತಾ ಎಂಬ ಹೆಸರಿನ ನನ್ನ ಬಾಯಿಂದ ಬಂದರೆ ಕೇಳುವವರ ಕಿವಿ ಬೇರೆಯಾಗಿಬಿಡುತ್ತದೆ, ಅದೂ ನನಗೆ ಗೊತ್ತು. ಗೊತ್ತಿದ್ದೂ ಮಾತಾಡಿ ಮಾತಾಡಿ ದಣಿದಿದ್ದೇನೆ. ಅವತ್ತು ನೀನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಒಂದು ಮಾತು ಆಡಲಿಲ್ಲ.

ಶಾಲೆಯ ಮಕ್ಕಳ ಬಿಸಿಯೂಟಕ್ಕೆ ಮೊಟ್ಟೆ ಬೇಕೆಂದು ನಾವು ತುರ್ವಿಹಾಳ, ಬಳಗಾನೂರಿನ ತನಕ ಕರಪತ್ರ ಹಂಚಿದ್ದು ಮರೆತೆಯಾ? ಮನೆಯಲ್ಲಿ ಮೊಟ್ಟೆ ಮುಟ್ಟದ ನೀನು ಬಳಗಾನೂರಿನ ಕಟ್ಟೆ ಹತ್ತಿ, "ನಾ ತಿನ್ನಂಗಿಲ್ಲ. ತಿನ್ನೋ ಕೂಸಿನ ಬಾಯಿಗೆ ಅಡ್ಡ ಕೈ ಇಡಂಗಿಲ್ಲ" ಎಂದೆ. ಹಿಂದೆ ನಿಂತಿದ್ದ ಹೆಂಗಸರು ಮುಂದೆ ಬಂದು ಕೂತರು. ನಾನು ಓದಿದ ಯಾವ ಕಾಗದದಲ್ಲೂ ಅಷ್ಟು ಸರಳವಾದ ಸಾಲು ಇರಲಿಲ್ಲ. ಆ ಸಾಲನ್ನು ಈಗ ನಿನ್ನ ಪಡಸಾಲೆಯಲ್ಲಿ, ಒಬ್ಬ ಒಳ್ಳೆಯ ಮುದುಕರ ಮುಂದೆ, ಒಮ್ಮೆ ಹೇಳು.

ದಾರಿ ಇದೆ. ನಿಮ್ಮ ಹಿಂದಿನ ಓಣಿಯ ಜಮೀಲಾಬೀಯನ್ನು ಕೇಳಿದ್ದೇನೆ. ದಿನಾ ಬೆಳಿಗ್ಗೆ, ಸಂಜೆ ಸಕ್ರಿಗೆ ತನ್ನ ಅಂಗಳದಲ್ಲೇ ತಿನ್ನಿಸುತ್ತಾಳಂತೆ. "ತಾ ಬೇ, ಊರ ಬೆಕ್ಕೆಲ್ಲಾ ನಮ್ಮ ಮನ್ಯಾಗ ಉಂಡು ಹೋಗತಾವ, ಇದು ಹೆಚ್ಚಾತೇನು? ಆದರ ರಾಯರಿಗೆ ಹೇಳಿ ಕಳಿಸ್ರಿ. ಕದ್ದು ತಿನ್ನಿಸೂದು ನನ್ನಿಂದ ಆಗಂಗಿಲ್ಲ" ಎಂದಳು. ಅವಳ ಮಾತು ಸರಿ. ನಿಮ್ಮ ಒಲೆಗೆ ಮಾಂಸ ಬರುವುದಿಲ್ಲ, ನಿಮ್ಮ ಮಾವ ಅದನ್ನು ನೋಡಬೇಕಿಲ್ಲ. ಬೆಕ್ಕು ಹೊರಗೆ ಹೋಗಿ ಉಂಡು ಬರಲಿ ಎಂದು ಅವರು ಒಪ್ಪಿದರೆ ಸಾಕು. ಆದರೆ ಅದನ್ನು ಕೇಳುವವಳು ನೀನೇ ಆಗಬೇಕು. ನಾನು ಕೇಳಿ ಆಯಿತು.

ಕೇಳಲು ಆಗದಿದ್ದರೆ ಸಕ್ರಿಯನ್ನು ನನಗೆ ಕೊಟ್ಟುಬಿಡು. ಅದಿಲ್ಲದ ಮನೆಯಲ್ಲಿ ನೀನು ಹೇಗಿರುತ್ತೀಯ ಎಂಬುದು ನನಗೆ ಗೊತ್ತು. ಗೊತ್ತಿದ್ದೇ ಬರೆಯುತ್ತಿದ್ದೇನೆ. ಅದು ಕುರುಡಾಗುವುದನ್ನು ನಿನ್ನ ಮೇಲಿನ ಪ್ರೀತಿಗಾಗಿ ನೋಡುತ್ತ ಕೂರಲಾರೆ.

ನಮ್ಮಿಬ್ಬರಿಗೂ ಮಸ್ಕಿ ನಡುವೆ ಬೀಳುತ್ತದೆ, ಅಲ್ಲಿಗೆ ಬಾ. ಲಿಂಗಸುಗೂರಿನ ಬಸ್ಸು ನಿಲ್ಲುವ ಕಡೆ ಇರುತ್ತೇನೆ. ಡಬ್ಬಿಯಲ್ಲಿ ಬೇಯಿಸಿದ ಕೋಳಿ ತಂದಿರುತ್ತೇನೆ, ಉಪ್ಪಿಲ್ಲದ್ದು. ನೀನು ಇಳಿಯುವಾಗ ಮೊದಲು ನಿನ್ನ ಕೈ ನೋಡುತ್ತೇನೆ. ಬುಟ್ಟಿ ಇದ್ದರೆ ತೆಗೆದುಕೊಂಡು, ಏನೂ ಕೇಳದೆ ಸಿಂಧನೂರಿನ ಬಸ್ಸು ಹತ್ತುತ್ತೇನೆ. ಬುಟ್ಟಿ ಇಲ್ಲದಿದ್ದರೆ ನೀನು ಮಾವನ ಹತ್ತಿರ ಮಾತಾಡಿದೆ, ಅವರು ಒಪ್ಪಿದರು ಎಂದು ತಿಳಿದು, ಡಬ್ಬಿಯನ್ನು ಜಮೀಲಾಬೀಗೆ ಕೊಡಲು ನಿನ್ನ ಕೈಗಿಡುತ್ತೇನೆ. ಆಮೇಲೆ ಚಹಾ ಕುಡಿಯೋಣ.

ನಿನ್ನ ದನಿ ನಿನಗೆ ಮರಳಿ ಸಿಗಲಿ, ಸಕ್ರಿಗೆ ಉಳಿದಷ್ಟು ಬೆಳಕು ಉಳಿಯಲಿ ಎಂದು ಬೇಡುವ,

ನಿನ್ನ ಶಾಹೀಸ್ತಾ

ಬರುವ ಭಾನುವಾರ, ಬೆಳಿಗ್ಗೆ ಹನ್ನೊಂದಕ್ಕೆ, ಮಸ್ಕಿ ಬಸ್ ನಿಲ್ದಾಣದಲ್ಲಿ.