ದಾದರ್ ದಾಟದ ರಕ್ತ

ರಕ್ತನಿಧಿಯ ಮುಖ್ಯಾಧಿಕಾರಿಗಳೇ,

ನನ್ನ ಗಂಡನಿಗಾಗಿ ನಾಲ್ವರು ಕೊಟ್ಟ ರಕ್ತವನ್ನು ತಾವು ತೆಗೆದುಕೊಂಡಿರಿ. ನನ್ನ ಗಂಡನಿಗೆ ಮಾತ್ರ ಒಂದು ಬಾಟಲಿಯನ್ನೂ ಕೊಡಲಿಲ್ಲ. ನನ್ನ ದೂರು ಇಷ್ಟೇ. ಇಂಗ್ಲಿಷಿನಲ್ಲಿ ಬರೆದ ಮೂರು ಅರ್ಜಿಗಳಿಗೂ ತಮ್ಮ ಕಚೇರಿ ಉತ್ತರಿಸಲಿಲ್ಲವಾದ್ದರಿಂದ, ನನಗೆ ಅಳುವಾಗ ಬರುವ ಭಾಷೆಯಲ್ಲೇ ಪತ್ರಿಕೆಗೆ ಬರೆಯುತ್ತಿದ್ದೇನೆ. ತಮಗೆ ಓದಿ ಹೇಳುವವರು ಈ ಮುಂಬಯಿಯಲ್ಲಿ ಬೇಕಾದಷ್ಟು ಜನ ಇದ್ದಾರೆ.

ನನ್ನ ಗಂಡ ಜಯಸಿಂಹ ಕಾಂದಿವಲಿಯ ಕಾರ್ಖಾನೆಯೊಂದರಲ್ಲಿ ಡ್ರಾಫ್ಟ್ಸ್‌ಮನ್ ಆಗಿದ್ದರು. ಕಳೆದ ವರ್ಷ, ೧೯೮೯ರ ದೀಪಾವಳಿಯ ಹೊತ್ತಿಗೆ, ರಕ್ತದ ಕ್ಯಾನ್ಸರ್ ಎಂದು ಗೊತ್ತಾಯಿತು. ಜನವರಿಯಲ್ಲಿ ಡಾಕ್ಟರು, ಇನ್ನು ಔಷಧಿಯಿಂದ ಏನೂ ಆಗುವುದಿಲ್ಲ ಎಂದರು. ವಾಸಿಯಾಗದವರನ್ನು ಕೊನೆತನಕ ನೋಡಿಕೊಳ್ಳುವ ಮನೆಯೊಂದನ್ನು ದಹಿಸರ್‌ನಲ್ಲಿ ಕ್ರೈಸ್ತ ಸನ್ಯಾಸಿನಿಯರು ನಡೆಸುತ್ತಾರೆ. ಅಲ್ಲಿಗೆ ಸೇರಿಸಿದೆವು. ಅಲ್ಲಿನ ಡಾಕ್ಟರ ಒಂದು ಚೀಟಿಗೆ ತಮ್ಮದೇ ರಕ್ತನಿಧಿ ಎರಡು ಬಾಟಲಿ ಕೊಟ್ಟಿತ್ತು. ಆಗಿನ್ನೂ ತಾವು ಆ ಕುರ್ಚಿಗೆ ಬಂದಿರಲಿಲ್ಲ.

ಆ ಎರಡು ಬಾಟಲಿ ಏನು ಮಾಡಿತೆಂದು ಹೇಳುತ್ತೇನೆ. ಏದುಸಿರಿನಿಂದ ಮಾತೇ ನಿಂತುಹೋಗಿದ್ದವರು ಮರುದಿನ ಎದ್ದು ಕುಳಿತು, ಕಾಫಿ ಚೆನ್ನಾಗಿಲ್ಲವೆಂದು ಜಗಳ ತೆಗೆದರು. ನಮ್ಮ ಮಗಳು ಸುಮಿತ್ರಾಗೆ ಹದಿನೈದು ವರ್ಷ. ಕನ್ನಡ ಅರ್ಥವಾಗುತ್ತದೆ, ಉತ್ತರ ಅರ್ಧ ಹಿಂದಿಯಲ್ಲಿ. ಅವಳನ್ನು ಮಂಚದ ಮೇಲೆ ಕೂರಿಸಿಕೊಂಡು, ತಮ್ಮ ಪೆನ್ನುಗಳನ್ನು ಅವಳ ಕೈಗಿತ್ತು, ಗೆರೆ ಎಳೆಯುವುದನ್ನು ಕಲಿಸಿದರು.

"ಗೆರೆ ಮುಗಿಯೋವರೆಗೂ ಉಸಿರು ಬಿಡಬಾರದು ಕಣೇ," ಎಂದರು.

"ಪಪ್ಪಾ, ನೀವು ಮಾತ್ರ ಬಾತ್ ಕರ್ ರಹೇ ಹೋ," ಎಂದು, ತಾವೇ ಮಾತಾಡುತ್ತಿದ್ದ ಅಪ್ಪನನ್ನು ನೋಡಿ ಅವಳು ನಕ್ಕಳು.

ಹನ್ನೊಂದು ದಿನ ಅಪ್ಪ ಮಗಳು ಹೀಗೆ ಕಳೆದರು. ಇದಕ್ಕೆ 'ಉಪಯೋಗವಿಲ್ಲ' ಎಂಬ ಹೆಸರಿದೆಯೆಂದು ಆಮೇಲೆ ತಮ್ಮಿಂದ ತಿಳಿಯಿತು.

ಹನ್ನೆರಡನೆಯ ದಿನ ಮತ್ತೆ ಮುಖ ಬಿಳಿಚಿತು. ಈ ಸಲ ರಕ್ತ ಬೇಕಾದರೆ ಬದಲಿಗೆ ರಕ್ತ ಕೊಡುವವರನ್ನು ಕರೆತನ್ನಿ ಎಂದರು ತಮ್ಮವರು. ದಾದರ್‌ನ ಹೋಟೆಲೊಂದರಲ್ಲಿ ಮೇಲ್ವಿಚಾರಕರಾಗಿರುವ ಮೋನಪ್ಪನವರು ನಮ್ಮ ಹಳೆಯ ನೆರೆಯವರು. "ಯಾಕಮ್ಮ ಹೆದರ್ತೀರಿ? ಊಟದ ರಶ್ ಮುಗಿದ್ರೆ ನಾಲ್ಕು ಗಂಟೆ ತನಕ ನಮಗೆ ಪುರುಸೊತ್ತುಂಟು. ನಾನು, ದೋಸೆ ಹೊಯ್ಯುವ ಐತ, ಹೋಟೆಲಿನ ಇನ್ನಿಬ್ಬರು ಬರ್ತೇವೆ," ಎಂದರು. ಬೆಳಗಿನಿಂದ ದೋಸೆಕಲ್ಲಿನ ಮುಂದೆ ನಿಂತಿದ್ದ ಐತ ಅಲ್ಲೇ ಹತ್ತಿರವಿರುವ ತಮ್ಮಲ್ಲಿಗೆ ಬಂದು ರಕ್ತ ಕೊಟ್ಟು, ಒಂದು ಚಹಾ ಕುಡಿದು, ಮತ್ತೆ ಕಲ್ಲಿನ ಮುಂದೆ ಹೋಗಿ ನಿಂತ.

ನಾಲ್ವರ ರಕ್ತವನ್ನೂ ತೆಗೆದಾದ ಮೇಲೆ ತಮ್ಮ ಗುಮಾಸ್ತರು ಫಾರ್ಮ್ ನೋಡಿದರು. ವಾರ್ಡ್ ನಂಬರ್ ಎಲ್ಲಿ? ಇರಲಿಲ್ಲ. ಹೊಸ ಆದೇಶವಂತೆ, ತಮ್ಮ ಆಸ್ಪತ್ರೆಯ ವಾರ್ಡಿನಲ್ಲಿ ಇರುವವರಿಗೆ ಮಾತ್ರ ರಕ್ತ. ಹಾಗಾದರೆ ವಾರ್ಡಿಗೇ ಸೇರಿಸೋಣವೆಂದರೆ, ವಾಸಿಯಾಗದವರಿಗೆ ಹಾಸಿಗೆಯಿಲ್ಲ. ತಮ್ಮ ಕೋಣೆಗೆ ಬಂದೆ. ತಾವು ಒರಟಾಗಿ ಮಾತಾಡಲಿಲ್ಲ, ಕುರ್ಚಿ ತೋರಿಸಿದಿರಿ. "ನೋಡಿ ಅಮ್ಮ, ರಕ್ತ ಬದುಕುವವರಿಗೆ. ನಿಮ್ಮ ಮಿಸ್ಟರಿಗೆ ಇನ್ನು ಅದರಿಂದ ಏನು ಉಪಯೋಗ?" ಎಂದು ಮರಾಠಿಯಲ್ಲಿ ಕೇಳಿದಿರಿ.

ರಕ್ತದ ಅಭಾವ ನನಗೂ ಗೊತ್ತು. ಹೆರಿಗೆಯಲ್ಲಿ ರಕ್ತ ಸುರಿಯುತ್ತಿರುವ ಹೆಣ್ಣನ್ನು ಹಿಂದೆ ತಳ್ಳಿ ನನ್ನ ಗಂಡನಿಗೆ ಕೊಡಿ ಎಂದು ನಾನು ಕೇಳಲಿಲ್ಲ. ಆದರೆ ನಾಲ್ಕರಲ್ಲಿ ಒಂದು? ಹಾಸಿಗೆ ಕೊಡದವರೂ ತಾವೇ, ಹಾಸಿಗೆಯಿಲ್ಲವೆಂದು ರಕ್ತ ಕೊಡದವರೂ ತಾವೇ ಆದರೆ, ಸಾಯುವ ಮನುಷ್ಯ ಯಾವ ಕಿಟಕಿಯ ಮುಂದೆ ನಿಲ್ಲಬೇಕು?

ಬರಿಗೈಯಲ್ಲಿ ದಹಿಸರ್‌ಗೆ ಮರಳಿದೆ. ಅವರು ಕಣ್ಣು ತೆರೆದು, "ಬ್ಲಡ್ ಬಂತಾ?" ಎಂದರು. ಸುಳ್ಳು ಹೇಳಿದೆ.

"ಮೋನಪ್ಪನವರು ತರ್ತಾ ಇದಾರೆ. ದಾದರ್‌ನಿಂದ ಫೋನ್ ಮಾಡಿದ್ರು, ಈಗ ಹೊರಟ್ರಂತೆ," ಎಂದೆ.

ಇಪ್ಪತ್ತು ವರ್ಷ ಲೋಕಲ್ ರೈಲಿನಲ್ಲಿ ಓಡಾಡಿದವರು. "ಸ್ಲೋ ಟ್ರೇನ್ ಆದ್ರೆ... ಐವತ್ತು ನಿಮಿಷ," ಎಂದರು. ಸುಮಿತ್ರಾ ಏನೋ ಹೇಳಲು ಹತ್ತಿರ ಬಂದಳು. ರಕ್ತ ಬಂದ ಮೇಲೆ ಮಾತಾಡೋಣ ಎಂಬಂತೆ ಕೈಸನ್ನೆ ಮಾಡಿ, ಉಸಿರು ಉಳಿಸಿಕೊಂಡು ಸುಮ್ಮನಾದರು. ಐವತ್ತು ನಿಮಿಷ ಬಾಗಿಲನ್ನೇ ನೋಡಿದರು. ಆಮೇಲೆ ನನ್ನನ್ನು ನೋಡಿದರು. ಆ ಹೊತ್ತಿಗೆ ಮಾತಾಡುವಷ್ಟು ಉಸಿರು ಉಳಿದಿರಲಿಲ್ಲ. ಮರುದಿನ ಬೆಳಿಗ್ಗೆ ಹೋದರು.

ಆ ರಕ್ತ ಬಂದಿದ್ದರೂ ಅವರು ಹೋಗುತ್ತಿದ್ದರು. ಅಷ್ಟು ತಿಳಿಯದವಳಲ್ಲ ನಾನು. ಆದರೆ ಮಗಳೊಡನೆ ಮಾತಾಡಿ ಹೋಗುತ್ತಿದ್ದರು. ನಾನು ಸುಳ್ಳು ಹೇಳಬೇಕಾಗಿ ಬರುತ್ತಿರಲಿಲ್ಲ. ಆ ನಾಲ್ಕು ಬಾಟಲಿ ಯಾರು ಯಾರಿಗೆ ಸೇರಿತೋ, ಅವರೆಲ್ಲ ಚೆನ್ನಾಗಿರಲಿ.

ಈಗ ನನ್ನ ಬೇಡಿಕೆ. ದಹಿಸರ್‌ನ ಆ ಮನೆಯಂಥ ಮನೆಗಳ ಡಾಕ್ಟರು ಬರೆದುಕೊಟ್ಟರೆ ರಕ್ತ ಕೊಡಿ. ಅದಕ್ಕೆ ಸಮಿತಿ ಕೂಡಬೇಕು ಎನ್ನುತ್ತೀರಿ. ಕೂಡಲಿ, ಚಹಾ ಬಿಸ್ಕೀಟು ಮುಗಿಸಿಕೊಂಡೇ ಕೂಡಲಿ. ಶೀಲಾವತಿಯವರಿಗೆ ಮಾತ್ರ ಅಷ್ಟು ಸಮಯವಿಲ್ಲ. ಅದೇ ಮನೆಯಲ್ಲಿ, ಅದೇ ಕಾಯಿಲೆಯಿಂದ ಮಲಗಿದ್ದಾರೆ. ಮಸ್ಕತ್ತಿನಿಂದ ಅವರ ಮಗ ಬರುವ ಶುಕ್ರವಾರ ಬಂದಿಳಿಯುತ್ತಾನೆ. ಅವನ ಹೆಸರು ಹಿಡಿದು ಕರೆಯುವಷ್ಟು ಉಸಿರು ಆಕೆಗೆ ಬೇಕು. ಗುರುವಾರ ಹನ್ನೊಂದು ಗಂಟೆಗೆ ತಮ್ಮ ಕಿಟಕಿಯ ಮುಂದೆ ನಿಂತಿರುತ್ತೇನೆ. ಮೊದಲು ಬಾಟಲಿ ಕೊಡಿ, ಆಮೇಲೆ ನನ್ನ ರಕ್ತ ತೆಗೆದುಕೊಳ್ಳಿ. ಈ ಸಲ ಅದೇ ಕ್ರಮ.

ಇಂತಿ,
ತಮ್ಮ ಕಡತದಲ್ಲಿ ಬರಿಯ 'ರೋಗಿಯ ಕಡೆಯವರು' ಆಗಿರುವ,
ವನಮಾಲಾ ಜಯಸಿಂಹ
ಕಾಂದಿವಲಿ, ಮುಂಬಯಿ