ಆದಿಮಾನವನ ಕೆಳಗಿರುವ ನನ್ನ ಸ್ಟೂಲು

ವಸ್ತುಸಂಗ್ರಹಾಲಯದ ನಿರ್ದೇಶಕರೇ,

ಮಾನ್ಯರೇ ಎಂದು ಕರೆಯುವ ಮೊದಲೇ ವಿಷಯ ಹೇಳಿಬಿಡುತ್ತೇನೆ: ನಿಮ್ಮ ಆದಿಮಾನವರ ಮುಖಂಡ ಕೂತಿರುವುದು ನನ್ನ ಸ್ಟೂಲಿನ ಮೇಲೆ. ನಾನು ಆ ಕೋಣೆಯ ಕಾವಲುಗಾರ್ತಿ. ಮಂಡಿ ಸವೆದಿದೆ, ಹೆಚ್ಚು ಹೊತ್ತು ನಿಲ್ಲಬೇಡಿ ಎಂದು ಡಾಕ್ಟರು ಹೇಳಿದ್ದಾರೆ. ಇದನ್ನು ತಮಾಷೆ ಎಂದು ಓದಬೇಡಿ.

ಆ ಕೋಣೆಯಲ್ಲಿ ಆಳೆತ್ತರದ ಆರು ಮಣ್ಣಿನ ಗೊಂಬೆಗಳು ಬೆಂಕಿಯ ಸುತ್ತ ನೆಲದ ಮೇಲೆ ಕೂತು ಮಾಂಸ ಹಂಚಿಕೊಳ್ಳುತ್ತಿದ್ದವು. ನಾನು ಮೂಲೆಯಲ್ಲಿ ಸ್ಟೂಲಿನ ಮೇಲೆ. ಏಳೂ ಜನ ಒಂದೇ ಮನೆಯವರಂತೆ ಹೊಂದಿಕೊಂಡಿದ್ದೆವು. ಕಳೆದ ತಿಂಗಳು ತಾವು ತಪಾಸಣೆಗೆ ಬಂದು, "ಇವರಲ್ಲಿ ಲೀಡರ್ ಯಾರು? ಗೊತ್ತೇ ಆಗಲ್ವಲ್ಲ!" ಎಂದಿರಿ. ಜೊತೆಗಿದ್ದ ಸಂಶೋಧಕಿ ಮೇಡಂ ಮೆಲ್ಲಗೆ, "ಸರ್, ಇಂಥ ಗುಂಪುಗಳಲ್ಲಿ ಹಾಗೆ ಒಬ್ಬರು ಅಂತ ಇರ್ತಿರಲಿಲ್ಲ ಅನ್ಸುತ್ತೆ" ಎಂದರು. "ಇರಲೇಬೇಕಲ್ಲ ಮೇಡಂ, ಇಲ್ದಿದ್ರೆ ಕೆಲಸ ಹೇಗೆ ನಡೆಯುತ್ತೆ?" ಎಂದು ತಾವು ಗಡ್ಡ ದಟ್ಟವಾಗಿದ್ದವನನ್ನು ಆರಿಸಿದಿರಿ. ಮೇಡಂ ತಲೆಯಾಡಿಸಿದರು. ಅವನನ್ನು ಹಿಂದಕ್ಕೆ ಸರಿಸಿ, ಬಂಡೆಯ ಮೇಲೆ ಎತ್ತರಕ್ಕೆ ಕೂರಿಸಬೇಕೆಂದು ಅಪ್ಪಣೆಯಾಯಿತು.

ಬಂಡೆ ಎಲ್ಲಿಂದ ಬರಬೇಕು? ಮರುದಿನ ಬಂದು ನೋಡಿದರೆ ನನ್ನ ಸ್ಟೂಲಿಗೆ ಗೋಣಿ ಸುತ್ತಿ, ಪ್ಲಾಸ್ಟರ್ ಮೆತ್ತಿ, ಬೂದುಬಣ್ಣ ಬಳಿದಿದ್ದರು. ಗೊಂಬೆ ಮಾಡುವವನನ್ನು ಕೇಳಿದೆ. "ಏನ್ ಮಾಡ್ಲಿ ಅಕ್ಕಾ, ಸಂಜೆಯೊಳಗೆ ಬಂಡೆ ಬೇಕು ಅಂದ್ರು. ಕೈಗೆ ಸಿಕ್ಕಿದ್ದು ಇದೇ" ಎಂದ. ಅವನ ಮೇಲೆ ರೇಗಿ ಏನು ಪ್ರಯೋಜನ?

ಅದೇ ಕೋಣೆಯ ಗೋಡೆಯ ಮೇಲೆ ತಮ್ಮದೇ ಫಲಕವಿದೆ: ಅಸಮಾನತೆ ಹುಟ್ಟಿದ್ದು ಬೇಸಾಯ ಬಂದು ಕಾಳು ಕೂಡಿಟ್ಟ ಮೇಲೆ ಎಂದು ಕೆಲವರು, ಅದಕ್ಕೂ ಮೊದಲೇ ಎಂದು ಕೆಲವರು, ವಿದ್ವಾಂಸರಲ್ಲಿ ಒಮ್ಮತವಿಲ್ಲ. ನನ್ನನ್ನು ಕೇಳಬಹುದಿತ್ತಲ್ಲ? ಅದು ನನ್ನ ಕಣ್ಣೆದುರಿಗೇ ಹುಟ್ಟಿತು. ಯುದ್ಧವಾಗಲಿಲ್ಲ, ಯಾರೂ ಯಾರಿಗೂ ಹೊಡೆಯಲಿಲ್ಲ. ಒಬ್ಬರು ಬೇಕೆಂದರು, ಒಬ್ಬರು ತಲೆಯಾಡಿಸಿದರು, ಒಬ್ಬರು ಬಣ್ಣ ಬಳಿದರು. ನಾನು ಬಾಯಿ ಮುಚ್ಚಿಕೊಂಡು ನಿಂತೆ. ಮೊದಲ ಕಣಜ ಕಟ್ಟಿದ ದಿನವೂ ಅದರ ಬಾಗಿಲಿಗೆ ನನ್ನಂಥವಳೊಬ್ಬಳನ್ನು ನಿಲ್ಲಿಸಿರಬೇಕು. ಅವಳ ಮಂಡಿ ಏನಾಯಿತೆಂದು ಫಲಕದಲ್ಲಿ ಏಕಿಲ್ಲ?

ಸ್ಟೂಲು ಕೊಡಿ ಎಂದು ಕಚೇರಿಗೆ ಹೋದೆ. "ಅದೀಗ ಪ್ರದರ್ಶನದ ವಸ್ತು, ಮುಟ್ಟೋ ಹಾಗಿಲ್ಲ" ಎಂದರು. ಪ್ರದರ್ಶನದ ವಸ್ತುಗಳನ್ನು ಯಾರೂ ಮುಟ್ಟದಂತೆ ನೋಡಿಕೊಳ್ಳಬೇಕಾದವಳು ನಾನೇ! ನನ್ನ ಸ್ಟೂಲನ್ನು ನನ್ನಿಂದ ಕಾಯುವುದು ಈಗ ನನ್ನ ಕೆಲಸ. ಹೊಸ ಸ್ಟೂಲಿಗೆ "ನೋಡೋಣ" ಎಂದರು. ಅವರು ನೋಡುತ್ತಲೇ ಇದ್ದಾರೆ.

ಮೊನ್ನೆ ಮಧ್ಯಾಹ್ನ ಕಾಲು ಕೈಕೊಟ್ಟಿತು. ಆ ಗಡ್ಡದವನು ಮೊದಲು ಕೂತಿದ್ದ ಜಾಗ ಬೆಂಕಿಯ ಪಕ್ಕ ಖಾಲಿಯಿತ್ತು. ಅಲ್ಲೇ ಕುಸಿದು ಕೂತೆ. ನೋಡಲು ಬಂದಿದ್ದ ಪುಟ್ಟ ಹುಡುಗಿಯೊಬ್ಬಳು, "ಅಮ್ಮಾ, ಈ ಅಜ್ಜಿ ನಿಜವಾದೋರಾ?" ಎಂದು ಕೇಳಿದಳು. ನಗು ಬಂತು, ಹಿಂದೆಯೇ ಅಳುವೂ ಬಂತು. ಮೇಲ್ವಿಚಾರಕರು ನೋಡಿ, ಇನ್ನೊಮ್ಮೆ ಕೂತರೆ ಕೆಲಸದಿಂದ ತೆಗೆಯುತ್ತೇವೆ ಎಂದರು. "ಬಿಟ್ಬಿಡಮ್ಮ ಆ ಕೆಲಸ" ಎನ್ನುತ್ತಾಳೆ ಮಗಳು. "ಬಿಟ್ರೆ ಮನೇಲಿ ಒಲೆ ಉರಿಯೋದು ಹೇಗೇ?" ಎನ್ನುತ್ತೇನೆ ನಾನು.

ಸ್ಟೂಲು ಬರುವುದಿಲ್ಲ, ಗೊತ್ತು. ಒಮ್ಮೆ ಮೇಲೆ ಕೂತವರನ್ನು ಇಳಿಸುವುದು ನನ್ನ ಕೈಲಾಗದ ಮಾತು. ಆದ್ದರಿಂದ ಕೇಳುವುದು ಇಷ್ಟೇ: ಬೆಂಕಿಯ ಪಕ್ಕದ ಆ ಖಾಲಿ ಜಾಗದಲ್ಲಿ ನನ್ನನ್ನು ಕೂರಲು ಬಿಡಿ. ಅಲುಗಾಡುವುದಿಲ್ಲ. ಯಾರಾದರೂ ಕೇಳಿದರೆ, ಗೊಂಬೆ ಎಂದುಬಿಡಿ.

ಇಂತಿ,
ಗೋಡೆಗೆ ಕಾಗದ ಒತ್ತಿ ಹಿಡಿದು ನಿಂತೇ ಬರೆದ,
ಏಳನೆಯವಳು